ಉಸಿರಿಗೆ ಇಬ್ಬರು ಒಡೆಯರು

ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮದ ಹೆಸರು ನಮ್ಮ ಸಮಾಜದ ಹಿರಿಯರಿಗೆ ಅಪರಿಚಿತವಲ್ಲ. ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದ ಪಾಲ್ಕುರಿಕೆ ಸೋಮನಾಥನು ಲಿಂಗೈಕ್ಯನಾದ ನೆಲವೆಂದು ಪರಂಪರೆಯು ಈ ಊರನ್ನು ನೆನೆಯುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಒಡಂಬಡಿಕೆ ಮಾಡಿಸಿದ ಬುಕ್ಕರಾಯನ 1368ರ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಇಲ್ಲಿಯೂ ಇದೆ. ಇಂತಹ ಊರುಗಳ ಭಕ್ತರ ಮನೆಗಳಲ್ಲಿ ಬೆಳಗಿನ ಹೊತ್ತು ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಬಿಜಯಂಗೈಸಿಕೊಂಡು ದೃಷ್ಟಿ ನೆಟ್ಟು ಕುಳಿತವರನ್ನು ಸ್ವಲ್ಪ ದೂರದಿಂದ ಗಮನಿಸಬೇಕು. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಅವರ ಎದೆಯ ಏರಿಳಿತ ನಿಧಾನವಾಗುತ್ತದೆ. ಉಸಿರನ್ನು ನಿಧಾನಗೊಳಿಸಬೇಕೆಂದು ಅವರು ಹೊರಟಿರುವುದಿಲ್ಲ. ಮನಸ್ಸು ಒಂದೆಡೆ ನಿಂತಿತು, ಉಸಿರು ಅದನ್ನು ಹಿಂಬಾಲಿಸಿತು. ಮನಸ್ಸಿಗೂ ಉಸಿರಿಗೂ ನಡುವೆ ಇರುವ ಈ ದಾರಿ ಯಾವುದು? ಷಟ್‌ಸ್ಥಲಗಳಲ್ಲಿ ನಾಲ್ಕನೆಯದಾದ ಪ್ರಾಣಲಿಂಗಿಸ್ಥಲವನ್ನು ಕುರಿತು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ಪ್ರಾಣವೆಂಬುದು ಬರಿಯ ಗಾಳಿಯಲ್ಲ ಎಂಬುದು ಅಲ್ಲಿನ ಮಾತು. ಆ ಅನುಭಾವದ ಎತ್ತರಕ್ಕೆ ಕೈಹಾಕುವುದು ಈ ಲೇಖನದ ಉದ್ದೇಶವಲ್ಲ. ಗಾಳಿಯನ್ನೇ, ಅದನ್ನು ಒಳಕ್ಕೆಳೆದು ಹೊರಕ್ಕೆ ಬಿಡಿಸುವ ಮಿದುಳಿನ ವ್ಯವಸ್ಥೆಯನ್ನೇ ತಿಳಿಯುವುದು ಇಲ್ಲಿನ ಪ್ರಯತ್ನ. ಅದನ್ನು ತಿಳಿದ ಮನೆಯಲ್ಲಿ ಒಂದೊಂದು ವೇಳೆ ಒಂದು ಜೀವ ಉಳಿಯುವುದುಂಟು.

ಮನುಷ್ಯನು ಹಗಲಿರುಳು ಸೇರಿ 21,600 ಬಾರಿ ಉಸಿರಾಡುತ್ತಾನೆ ಎಂದು ನಮ್ಮ ಯೋಗಗ್ರಂಥಗಳು ಹೇಳುತ್ತವೆ. ಇದನ್ನೇ ಅಜಪಾಜಪವೆಂದು ಕರೆದರು. ಜಪಿಸದೆಯೇ ನಡೆಯುವ ಜಪ. ಲೆಕ್ಕ ಹಾಕಿ ನೋಡಿದರೆ ನಿಮಿಷಕ್ಕೆ ಹದಿನೈದು ಉಸಿರಾಗುತ್ತದೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕನ ಉಸಿರು ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಎಂದು ಇಂದಿನ ಶರೀರಶಾಸ್ತ್ರದ ಪುಸ್ತಕಗಳು ಬರೆಯುತ್ತವೆ. ಗಡಿಯಾರವಿಲ್ಲದ ಕಾಲದ ಎಣಿಕೆ ಇಷ್ಟು ಹತ್ತಿರಕ್ಕೆ ಬಂದಿರುವುದು ಆಶ್ಚರ್ಯವೇ ಸರಿ. ಆದರೆ ಅದಕ್ಕಿಂತಲೂ ಬೆಲೆಯುಳ್ಳದ್ದು ‘ಅಜಪಾ’ ಎಂಬ ಪದ. ಇಷ್ಟು ಸಾವಿರ ಉಸಿರುಗಳಲ್ಲಿ ನಾವು ತಿಳಿದು ಎಳೆದದ್ದು ಬೆರಳೆಣಿಕೆಯಷ್ಟು. ಉಳಿದವನ್ನು ಎಳೆದವರು ಯಾರು?

ಹೃದಯಕ್ಕೆ ಬಡಿಯಬೇಡವೆಂದು ಆಜ್ಞೆ ಮಾಡಲು ನಮ್ಮಿಂದಾಗದು. ಕರುಳಿನ ಚಲನೆಯ ಮೇಲೆ ನಮಗೆ ಅಧಿಕಾರವಿಲ್ಲ. ಕೈಬೆರಳನ್ನಾದರೋ ನಮ್ಮ ಇಚ್ಛೆಯಿಲ್ಲದೆ ಯಾರೂ ಮಡಿಸಲಾರರು. ಉಸಿರು ಮಾತ್ರ ಈ ಎರಡೂ ವರ್ಗಗಳಿಗೆ ಸೇರಿದೆ. ಮಾತನಾಡುವಾಗ, ಹಾಡುವಾಗ, ಊದುಗೊಳವೆಯಿಂದ ಒಲೆ ಊದುವಾಗ ಮಿದುಳಿನ ಮೇಲ್ಪದರವು ಉಸಿರನ್ನು ತನಗೆ ಬೇಕಾದಂತೆ ದುಡಿಸಿಕೊಳ್ಳುತ್ತದೆ. ಅದು ಮರೆತ ಕೂಡಲೇ ಕತ್ತಿನ ಹಿಂಭಾಗದ ಮೇಲೆ, ಮಿದುಳು ಬೆನ್ನುಹುರಿಯಾಗಿ ಇಳಿಯುವ ಜಾಗದಲ್ಲಿರುವ ಮೆಡುಲ್ಲಾ ಎಂಬ ಭಾಗವು ಆ ಕೆಲಸವನ್ನು ಮರಳಿ ವಹಿಸಿಕೊಳ್ಳುತ್ತದೆ. ಒಬ್ಬ ಒಡೆಯ ಎಚ್ಚರದಲ್ಲಿದ್ದಾಗ ಮಾತ್ರ ಬರುವವನು. ಇನ್ನೊಬ್ಬ ಹುಟ್ಟಿನಿಂದ ಸಾವಿನವರೆಗೆ ಕಣ್ಣು ಮುಚ್ಚದವನು. ಇಬ್ಬರೂ ಬೇರೆ ಬೇರೆ ನರಮಾರ್ಗಗಳಲ್ಲಿ ತಮ್ಮ ಆಜ್ಞೆಯನ್ನು ಬೆನ್ನುಹುರಿಗೆ ಕಳುಹಿಸುತ್ತಾರೆ. ಅಪರೂಪಕ್ಕೆ ಕೆಲವು ಮಕ್ಕಳು ಎರಡನೆಯ ಒಡೆಯನ ಶಕ್ತಿಯೇ ಕುಂದಿದವರಾಗಿ ಜನಿಸುತ್ತಾರೆ. ಎಚ್ಚರವಿರುವಾಗ ಅವರ ಉಸಿರು ಹೆಚ್ಚುಕಡಿಮೆ ಸರಿಯಾಗಿಯೇ ನಡೆಯುತ್ತದೆ, ನಿದ್ರೆ ಹತ್ತಿದೊಡನೆ ಕ್ಷೀಣಿಸುತ್ತದೆ. ರಾತ್ರಿಯೆಲ್ಲ ಯಂತ್ರವೇ ಅವರಿಗೆ ಉಸಿರೂಡಬೇಕು. ಫಾಕ್ಸ್ ಟು ಬಿ ಎಂಬ ಒಂದು ಜೀನ್‌ನ ದೋಷವೇ ಇದಕ್ಕೆ ಕಾರಣವೆಂದು 2003ರಲ್ಲಿ ತಿಳಿದುಬಂತು.

ಉಸಿರಿನ ನೆಲೆಯನ್ನು ಹುಡುಕಿದ ಕಥೆ ಇನ್ನೂರು ವರ್ಷಗಳಿಗಿಂತ ಹಳೆಯದು. ಫ್ರಾನ್ಸಿನ ಲೆಗಲ್ವಾ ಎಂಬ ವೈದ್ಯನು ಮೊಲಗಳ ಮೇಲೆ ಪ್ರಯೋಗ ಮಾಡಿ, ಮಿದುಳಿನ ಮೇಲ್ಭಾಗವನ್ನೆಲ್ಲ ತೆಗೆದರೂ ಉಸಿರಾಟ ನಡೆಯುತ್ತದೆ, ಮೆಡುಲ್ಲಾದ ಒಂದು ಸಣ್ಣ ಭಾಗಕ್ಕೆ ಪೆಟ್ಟು ಬಿದ್ದರೆ ತಕ್ಷಣ ನಿಲ್ಲುತ್ತದೆ ಎಂದು 1812ರಲ್ಲಿ ಪ್ರಕಟಿಸಿದನು. ಆ ಸಣ್ಣ ಭಾಗದೊಳಗೆ ತಾಳ ಹಾಕುವ ಜೀವಕೋಶಗಳು ಯಾವುವು ಎಂಬುದು ಗೊತ್ತಾಗಲು ಇನ್ನೂ ನೂರೆಂಬತ್ತು ವರ್ಷ ಬೇಕಾಯಿತು. ಅಮೆರಿಕದ ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು 1991ರಲ್ಲಿ ಕೆಲವೇ ಸಾವಿರ ನರಕೋಶಗಳ ಒಂದು ಗುಂಪನ್ನು ಗುರುತಿಸಿದರು. ಇಲಿಮರಿಯ ಮಿದುಳಿನಿಂದ ಆ ಭಾಗದ ತೆಳು ಹೋಳೊಂದನ್ನು ತೆಗೆದು ಲವಣದ್ರಾವಣದಲ್ಲಿ ಇಟ್ಟರೂ ಅದು ಉಸಿರಿನ ತಾಳವನ್ನು ಹಾಕುತ್ತಲೇ ಇರುತ್ತದೆ. ಅದಕ್ಕೆ ಪ್ರಿಬಾಟ್ಜಿಂಗರ್ ಸಂಕೀರ್ಣವೆಂಬ ಹೆಸರಿಟ್ಟಿದ್ದಾರೆ. ಊಟದ ಮೇಜಿನ ಮೇಲಿದ್ದ ಒಂದು ಜರ್ಮನ್ ದ್ರಾಕ್ಷಾರಸದ ಶೀಸೆಯ ಹೆಸರು ಅದು! ಪ್ರಾಣದ ನೆಲೆಗೆ ಇಂತಹ ನಾಮಕರಣವಾದದ್ದನ್ನು ಓದಿ ನಗುವುದೋ ಬೇಸರಪಡುವುದೋ ಓದುಗರಿಗೆ ಬಿಟ್ಟದ್ದು.

ಈ ತಾಳದ ಆಜ್ಞೆಯು ಬೆನ್ನುಹುರಿಯಲ್ಲಿಳಿದು ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಗಳ ಮೂಲಕ ಹೊರಬಂದು, ಫ್ರೆನಿಕ್ ನರವೆಂಬ ಹೆಸರಿನಲ್ಲಿ ಎದೆಯನ್ನು ಹಾದು ವಪೆಯನ್ನು ಮುಟ್ಟುತ್ತದೆ. ಎದೆಗೂಡಿಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹರಡಿರುವ ಮಾಂಸದ ತೆರೆಯೇ ವಪೆ. ಅದು ಕೆಳಗಿಳಿದರೆ ಗಾಳಿ ಒಳಗೆ, ಸಡಿಲಿದರೆ ಗಾಳಿ ಹೊರಗೆ. ಮರದಿಂದ ಬಿದ್ದು ಕತ್ತು ಮುರಿದವರನ್ನು ಸುತ್ತಲಿನವರು ತಟ್ಟನೆ ಎತ್ತಿ ಕೂರಿಸಬಾರದೆಂದು ವೈದ್ಯರು ಹೇಳುವುದು ಈ ಕಾರಣಕ್ಕಾಗಿ. ಕೆಳಗಿನ ಬೆನ್ನುಹುರಿಗೆ ಏಟಾದವರ ಕಾಲುಗಳು ಹೋಗಬಹುದು. ಕತ್ತಿನ ಮೇಲ್ಭಾಗದಲ್ಲಿ ಏಟಾದರೆ ಉಸಿರೇ ಹೋಗುತ್ತದೆ.

ಇನ್ನು ಮುಖ್ಯವಾದ ಪ್ರಶ್ನೆ. ಎಷ್ಟು ಉಸಿರು ಬೇಕೆಂದು ಮೆಡುಲ್ಲಾಗೆ ಹೇಳುವವರಾರು? ಆಮ್ಲಜನಕ ಕಡಿಮೆಯಾದಾಗ ಉಸಿರು ಕಟ್ಟಿದಂತಾಗುತ್ತದೆ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಆ ತಿಳಿವಳಿಕೆ ಪೂರ್ತಿ ಸರಿಯಲ್ಲ. ಆಕ್ಸ್‌ಫರ್ಡಿನಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್‌ಲಿ ಎಂಬ ವಿಜ್ಞಾನಿಗಳು 1905ರಲ್ಲಿ ತೋರಿಸಿಕೊಟ್ಟಂತೆ, ದಿನನಿತ್ಯದ ಉಸಿರನ್ನು ನಡೆಸುವುದು ದೇಹವು ಹೊರಹಾಕಬೇಕಾದ ಇಂಗಾಲದ ಡೈ ಆಕ್ಸೈಡ್. ರಕ್ತದಲ್ಲಿ ಅದರ ಒತ್ತಡ ಸುಮಾರು 40 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದು ಒಂದೇ ಒಂದು ಮಿಲಿಮೀಟರ್ ಏರಿದರೆ ಸಾಕು, ನಿಮಿಷಕ್ಕೆ ಎರಡು ಮೂರು ಲೀಟರ್ ಗಾಳಿಯನ್ನು ಹೆಚ್ಚಾಗಿ ಎಳೆಯುವಂತೆ ಮೆಡುಲ್ಲಾದ ಕೆಳಮೈಯಲ್ಲಿರುವ ಸೂಕ್ಷ್ಮ ಕೋಶಗಳು ಒತ್ತಾಯಿಸುತ್ತವೆ. ವಿಶ್ರಾಂತಿಯಲ್ಲಿ ನಾವು ಎಳೆಯುವುದೇ ನಿಮಿಷಕ್ಕೆ ಆರೇಳು ಲೀಟರ್ ಎಂಬುದನ್ನು ನೆನೆದರೆ ಈ ಕಾವಲಿನ ಬಿಗಿ ತಿಳಿಯುತ್ತದೆ. ಮೂಗು ಹಿಡಿದುಕೊಂಡು ಒಂದು ನಿಮಿಷ ಕುಳಿತವನಿಗೆ ಆಗುವ ಸಂಕಟ ಈ ಕೋಶಗಳ ಕೂಗು.

ಹೀಗಿರುವಾಗ ಆ ಕೂಗನ್ನು ಮೊದಲೇ ಅಡಗಿಸಿಬಿಟ್ಟರೆ? ನಮ್ಮ ಕಡೆಯ ಹುಡುಗರು ಬಾವಿಯಲ್ಲಿ ಮುಳುಗು ಹಾಕಿ ಯಾರು ಹೆಚ್ಚು ಹೊತ್ತು ಇರುವರೆಂದು ಪಂದ್ಯ ಕಟ್ಟುವುದುಂಟು. ಧುಮುಕುವ ಮೊದಲು ಹತ್ತು ಹದಿನೈದು ಬಾರಿ ಜೋರಾಗಿ ಉಸಿರೆಳೆದು ಬಿಟ್ಟರೆ ಹೆಚ್ಚು ಹೊತ್ತು ನಿಲ್ಲಬಹುದೆಂಬ ಗುಟ್ಟೂ ಅವರಲ್ಲಿ ಪ್ರಚಾರದಲ್ಲಿದೆ. ಗುಟ್ಟು ನಿಜ, ಅದರ ಕಾರಣವೇ ಭಯಂಕರ. ಹಾಗೆ ಉಸಿರಾಡಿದರೆ ರಕ್ತಕ್ಕೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಅದು ಮೊದಲೇ ತುಂಬಿರುತ್ತದೆ. ಇಂಗಾಲದ ಡೈ ಆಕ್ಸೈಡ್ ಮಾತ್ರ ತೊಳೆದುಹೋಗುತ್ತದೆ. ನೀರಿನೊಳಗೆ ಆಮ್ಲಜನಕ ಮುಗಿಯುತ್ತ ಬಂದರೂ ಮೇಲಕ್ಕೆ ಹೋಗು ಎಂದು ಎಚ್ಚರಿಸುವ ಸಂಕಟ ಹುಟ್ಟುವುದಿಲ್ಲ. ಹುಡುಗನಿಗೆ ಸುಖವಾಗಿಯೇ ಇರುತ್ತದೆ. ಸುಖವಾಗಿಯೇ ಅವನು ಮೂರ್ಛೆ ಹೋಗುತ್ತಾನೆ. ಈಜು ಬಲ್ಲ, ಗಟ್ಟಿಮುಟ್ಟಾದ ಹುಡುಗರೇ ಹೀಗೆ ಹೋಗುವುದು. ಅರ್ಕಾವತಿಯ ಮಂಚನಬೆಲೆ ಜಲಾಶಯದಲ್ಲಿ ಮುಳುಗಿದವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಅಲ್ಲಿನ ಸಾವುಗಳಿಗೆ ಕಾರಣಗಳು ಹಲವು. ಬಾವಿಯ ಪಂದ್ಯವನ್ನಾದರೋ ಮನೆಯ ಹಿರಿಯರು ಒಂದು ಮಾತಿನಿಂದ ನಿಲ್ಲಿಸಬಲ್ಲರು.

ಇದೇ ಸತ್ಯದ ಇನ್ನೊಂದು ಮುಖವನ್ನು 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಮನೆಮನೆಯೂ ಕಂಡಿತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಎಂಬತ್ತೆಂದು ತೋರಿಸುತ್ತಿದೆ, ರೋಗಿಯು ಮಂಚದ ಮೇಲೆ ಕುಳಿತು ಫೋನಿನಲ್ಲಿ ಮಾತನಾಡುತ್ತಿದ್ದಾನೆ! ಯಂತ್ರ ಕೆಟ್ಟಿದೆಯೆಂದು ಎಷ್ಟೋ ಮನೆಗಳವರು ತಿಳಿದರು. ಅಂಥವರ ಶ್ವಾಸಕೋಶದಲ್ಲಿ ಆಮ್ಲಜನಕ ಒಳಗೆ ಸೇರುವ ದಾರಿ ಕೆಟ್ಟಿತ್ತು, ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗುವ ದಾರಿ ಇನ್ನೂ ತೆರೆದಿತ್ತು. ಆದ್ದರಿಂದ ಮೆಡುಲ್ಲಾ ಅಷ್ಟಾಗಿ ಕೂಗಲಿಲ್ಲ. ನನಗೇನೂ ಆಗಿಲ್ಲವೆಂಬ ರೋಗಿಯ ಮಾತನ್ನು ನಂಬಿ ತಡಮಾಡಿದವರಲ್ಲಿ ಕೆಲವರನ್ನು ನಾವು ಕಳೆದುಕೊಂಡೆವು.

ಹಾಗಾದರೆ ಆಮ್ಲಜನಕಕ್ಕೆ ಕಾವಲೇ ಇಲ್ಲವೇ? ಇದೆ. ಕತ್ತಿನ ಎರಡೂ ಪಕ್ಕದಲ್ಲಿ ಕ್ಯಾರೋಟಿಡ್ ರಕ್ತನಾಳವು ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಒಂದೊಂದು ಅಂಗವಿದೆ. ಅದು ರಕ್ತದ ರುಚಿ ನೋಡಿ ಮಿದುಳಿಗೆ ವರದಿ ಕಳುಹಿಸುತ್ತದೆಂದು ಕಂಡುಹಿಡಿದ ಬೆಲ್ಜಿಯಂ ದೇಶದ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಈ ಕಾವಲುಗಾರನು ತಡವಾಗಿ ಏಳುವವನು. ಆಮ್ಲಜನಕದ ಒತ್ತಡ ಸುಮಾರು ಅರುವತ್ತಕ್ಕಿಂತ ಕೆಳಗಿಳಿದ ಮೇಲೆಯೇ ಅವನ ಕೂಗು ಜೋರಾಗುವುದು. ನಮ್ಮ ಪಂಚಪೀಠಗಳಲ್ಲೊಂದಾದ ಕೇದಾರಕ್ಕೆ ಯಾತ್ರೆ ಹೋದವರಿಗೆ ಇವನ ಪರಿಚಯವಾಗಿರುತ್ತದೆ. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಮೇಲಿರುವ ಆ ಕ್ಷೇತ್ರದಲ್ಲಿ ಗಾಳಿ ತೆಳು. ಆಮ್ಲಜನಕ ಸಾಲದೆ ಈ ಅಂಗವು ಉಸಿರನ್ನು ಹೆಚ್ಚಿಸುತ್ತದೆ. ಉಸಿರು ಹೆಚ್ಚಿದಾಗ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತದೆ. ಇಳಿದಾಗ ಮೆಡುಲ್ಲಾ ಇನ್ನು ಸಾಕೆನ್ನುತ್ತದೆ. ಇಬ್ಬರು ಕಾವಲುಗಾರರ ಈ ಜಗಳದಲ್ಲಿ ರಾತ್ರಿ ಮಲಗಿದವರ ಉಸಿರು ಹಲವು ಬಾರಿ ಏರಿ, ಇಳಿದು, ಕೆಲವು ಕ್ಷಣ ನಿಂತು, ಮತ್ತೆ ಗಕ್ಕನೆ ಆರಂಭವಾಗುತ್ತದೆ. ಪಕ್ಕದಲ್ಲಿ ಮಲಗಿದವರು ಗಾಬರಿಯಾಗುವುದುಂಟು. ಎತ್ತರದ ಸ್ಥಳಗಳಲ್ಲಿ ಆರೋಗ್ಯವಂತರಿಗೂ ಇದು ಸಹಜ. ವಿಪರೀತ ತಲೆನೋವು, ತೂರಾಡುವ ನಡಿಗೆ, ಕುಳಿತಲ್ಲೇ ಏದುಸಿರು ಕಂಡರೆ ಮಾತ್ರ ಪೂಜೆ ಮುಗಿಯಲೆಂದು ಕಾಯದೆ ಕೆಳಕ್ಕೆ ಇಳಿಸಬೇಕು.

ನಮ್ಮ ಸಾವನದುರ್ಗದ ಎತ್ತರ 1226 ಮೀಟರು. ಅಲ್ಲಿ ಗಾಳಿಗೆ ಅಂತಹ ಕೊರತೆಯಿಲ್ಲ. ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಗೆ ಕೈಮುಗಿದು ಹತ್ತಲು ಮೊದಲಿಟ್ಟವರಿಗೆ ಇನ್ನೊಂದು ವಿಶೇಷ ಕಾಣುತ್ತದೆ. ರಕ್ತದಲ್ಲಿ ಇನ್ನೂ ಯಾವ ಬದಲಾವಣೆಯೂ ಆಗಿರುವುದಿಲ್ಲ, ಮೊದಲ ಹತ್ತು ಹೆಜ್ಜೆಗೇ ಉಸಿರು ಹೆಚ್ಚುತ್ತದೆ. ಕಾಲುಗಳಿಗೆ ನಡೆ ಎಂದು ಆಜ್ಞೆ ಕೊಡುವ ಮಿದುಳು ಅದೇ ಉಸಿರಿನಲ್ಲಿ ಉಸಿರಿಗೂ ಸುದ್ದಿ ಮುಟ್ಟಿಸಿರುತ್ತದೆ. ಕೀಲು ಮತ್ತು ಸ್ನಾಯುಗಳಿಂದ ಬರುವ ನರಗಳೂ ವರದಿ ಒಪ್ಪಿಸುತ್ತವೆ. ಶ್ವಾಸಕೋಶದೊಳಗೂ ಇಂತಹ ವರದಿಗಾರರಿದ್ದಾರೆ. ಅವರಲ್ಲಿ ಒಂದು ಬಗೆಯನ್ನು ಕಂಡುಹಿಡಿದವರು ನಮ್ಮ ದೇಶದವರೇ ಆದ ಡಾ. ಆತರ್ ಸಿಂಗ್ ಪೈಂಟಾಲ್. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ದುಡಿದ ಅವರು, ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳ ಮಗ್ಗುಲಲ್ಲಿ ಇರುವ ನರತುದಿಗಳು ಅಲ್ಲಿ ನೀರು ತುಂಬತೊಡಗಿದೊಡನೆ ವೇಗಸ್ ನರದ ಮೂಲಕ ಮಿದುಳಿಗೆ ತಿಳಿಸುತ್ತವೆಂದು ತೋರಿಸಿದರು. ಜಗತ್ತಿನ ವೈದ್ಯ ವಿದ್ಯಾರ್ಥಿಗಳೆಲ್ಲ ಇಂದು ‘ಜೆ’ ಗ್ರಾಹಕಗಳೆಂಬ ಹೆಸರಿನಲ್ಲಿ ಇವನ್ನು ಓದುತ್ತಾರೆ. ಮನೆಯ ಹಿರಿಯರು ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ದಿಂಬು ಬೇಕು, ಕುಳಿತರೆ ಹಾಯೆನಿಸುತ್ತದೆ ಎಂದಾಗ ಅದನ್ನು ವಾಯುವೆಂದು ಸುಮ್ಮನಾಗಬಾರದು. ಹೃದಯದ ಬಲ ಕುಗ್ಗಿ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿರಬಹುದು. ಈ ನರತುದಿಗಳು ಅದನ್ನೇ ಹೇಳುತ್ತಿರುತ್ತವೆ.

ನರಗಳ ಮಾತಾಯಿತು. ರಕ್ತದಲ್ಲಿ ಹರಿದು ಬಂದು, ಅಥವಾ ಮಿದುಳಿನಲ್ಲಿಯೇ ಸ್ರವಿಸಿ, ಈ ಯಂತ್ರದ ಶ್ರುತಿಯನ್ನು ಏರಿಸಿ ಇಳಿಸುವ ಹಾರ್ಮೋನುಗಳದ್ದು ಬೇರೆಯೇ ಲೋಕ. ಗರ್ಭಿಣಿಯರನ್ನು ನೋಡಿ. ಮೂರು ತಿಂಗಳು ತುಂಬುವ ಮೊದಲೇ, ಹೊಟ್ಟೆ ಇನ್ನೂ ಕಾಣಿಸದಿರುವಾಗಲೇ, ಸ್ವಲ್ಪ ನಡೆದರೆ ಮೇಲುಸಿರು ಬರುತ್ತದೆಂದು ಅನೇಕರು ಹೇಳುತ್ತಾರೆ. ಕೆಲವು ಮನೆಗಳಲ್ಲಿ ಅದನ್ನು ಸೋಮಾರಿತನವೆಂದು ಆಡಿಕೊಳ್ಳುವವರೂ ಇದ್ದಾರೆ. ಆ ವೇಳೆಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿ ಮಿದುಳಿನ ಉಸಿರಿನ ಕೇಂದ್ರವನ್ನು ಎಚ್ಚರಿಸಿರುತ್ತದೆ. ತುಂಬು ಬಸುರಿನ ಹೊತ್ತಿಗೆ ತಾಯಿ ಎಳೆಯುವ ಗಾಳಿ ಮೊದಲಿಗಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚಿರುತ್ತದೆ. ಅವಳ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ 40ರಿಂದ ಸುಮಾರು 30ಕ್ಕೆ ಇಳಿಯುತ್ತದೆ. ಹೀಗೆ ತಾಯಿಯ ಕಡೆ ತಗ್ಗಾದುದರಿಂದಲೇ ಮಗುವಿನ ರಕ್ತದ ಇಂಗಾಲದ ಡೈ ಆಕ್ಸೈಡ್ ಸರಾಗವಾಗಿ ಇತ್ತ ಹರಿದುಬರುತ್ತದೆ. ಇನ್ನೂ ಎಳೆಯದ ಉಸಿರನ್ನು ಮಗುವಿನ ಪರವಾಗಿ ತಾಯಿ ಎಳೆಯುತ್ತಿರುತ್ತಾಳೆ. ಸೊಸೆ ಏದುಸಿರು ಬಿಟ್ಟರೆ ಅತ್ತೆಯಾದವಳು ಇದನ್ನು ನೆನೆಯಲಿ. ಆದರೆ ಉಸಿರಿನ ಜೊತೆಗೆ ಎದೆನೋವು, ಕಾಲಿನ ಒಂದೇ ಕಡೆ ಊತ, ತೀರ ಬಿಳಿಚಿಕೊಂಡ ಮುಖ ಇದ್ದರೆ ವೈದ್ಯರಿಗೆ ತೋರಿಸಲಿ.

ಮಿದುಳಿನ ತಳದಲ್ಲಿರುವ ಹೈಪೊಥಲಮಸ್‌ನಿಂದ ಬರುವ ಓರೆಕ್ಸಿನ್ ಎಂಬ ಇನ್ನೊಂದು ದ್ರವ್ಯ 1998ರಲ್ಲಿ ಪತ್ತೆಯಾಯಿತು. ಅದು ನಮ್ಮನ್ನು ಎಚ್ಚರವಾಗಿಡುವುದು. ಎಚ್ಚರದಲ್ಲಿ ಇಂಗಾಲದ ಡೈ ಆಕ್ಸೈಡಿಗೆ ಉಸಿರು ಇನ್ನಷ್ಟು ಚುರುಕಾಗಿ ಓಗೊಡುವಂತೆ ಮಾಡುವುದೂ ಅದೇ. ಮೆಡುಲ್ಲಾದ ನಡುಗೆರೆಯಲ್ಲಿ ಸೆರೊಟೋನಿನ್ ಸ್ರವಿಸುವ ಕೋಶಗಳಿವೆ. ಮಲಗಿದವನ ಮೂಗು ಹೊದಿಕೆಯಲ್ಲಿ ಮುಚ್ಚಿಹೋದರೆ ಅವನನ್ನು ಎಬ್ಬಿಸಲು ಇವು ನೆರವಾಗುತ್ತವೆ. ತೊಟ್ಟಿಲಿನಲ್ಲಿ ಕಾರಣ ತಿಳಿಯದೆ ತೀರಿಕೊಂಡ ಹಸುಗೂಸುಗಳಲ್ಲಿ ಹಲವುಗಳ ಮಿದುಳಿನಲ್ಲಿ ಈ ವ್ಯವಸ್ಥೆಯ ದೋಷ ಕಂಡುಬಂದಿದೆ. ಎಳೆಯ ಕೂಸನ್ನು ಬೋರಲು ಮಲಗಿಸಬೇಡಿ, ಮುಖದ ಬಳಿ ಮೆತ್ತನೆಯ ದಿಂಬು ಕಂಬಳಿ ಇಡಬೇಡಿ ಎಂದು ವೈದ್ಯರು ಹೇಳುವುದರ ಹಿಂದೆ ಈ ತಿಳಿವಳಿಕೆಯಿದೆ. ನಿಟ್ಟುಸಿರಿಗೂ ಒಂದು ರಸಾಯನವಿದೆ ಎಂದರೆ ಓದುಗರು ನಂಬುವರೋ ಇಲ್ಲವೋ! ದುಃಖವಿರಲಿ ಇಲ್ಲದಿರಲಿ, ನಾವೆಲ್ಲರೂ ಐದು ನಿಮಿಷಕ್ಕೊಮ್ಮೆ ಅರಿವಿಲ್ಲದೆ ಒಂದು ದೀರ್ಘ ಉಸಿರು ಎಳೆಯುತ್ತೇವೆ. ಮುದುಡಿದ ಗಾಳಿಗೂಡುಗಳು ಅದರಿಂದ ಅರಳುತ್ತವೆ. ಇಲಿಗಳಲ್ಲಿ ಕೆಲವೇ ನೂರು ನರಕೋಶಗಳು ಎರಡು ಬಗೆಯ ಪೆಪ್ಟೈಡುಗಳ ಮೂಲಕ ಇದನ್ನು ಆಗಮಾಡಿಸುತ್ತವೆಂದು 2016ರಲ್ಲಿ ತಿಳಿದುಬಂತು.

ಇನ್ನು ಪೂಜೆಗೆ ಕುಳಿತ ಭಕ್ತನ ಬಳಿಗೆ ಬರೋಣ. ಮನಸ್ಸು ನಿಂತರೆ ಉಸಿರು ನಿಲ್ಲುವುದು ಒಂದು ದಾರಿ. ಉಸಿರು ನಿಧಾನವಾದರೆ ಮನಸ್ಸು ತಿಳಿಯಾಗುವುದು ಎದುರು ದಾರಿ. ಈ ಎದುರು ದಾರಿಯ ಒಂದು ಎಳೆಯನ್ನು 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಬಿಡಿಸಿ ತೋರಿಸಿದರು. ಉಸಿರಿನ ತಾಳ ಹಾಕುವ ಕೇಂದ್ರದಿಂದ ಇನ್ನೂರಕ್ಕೂ ಕಡಿಮೆ ನರಕೋಶಗಳು ಮಿದುಳಿಗೆಲ್ಲ ನಾರ್‌ಅಡ್ರಿನಲಿನ್ ಹಂಚಿ ಗಾಬರಿ ಎಬ್ಬಿಸುವ ಇನ್ನೊಂದು ಕೇಂದ್ರಕ್ಕೆ ಸುದ್ದಿ ಒಯ್ಯುತ್ತವೆ. ಆ ಕೋಶಗಳನ್ನು ತೆಗೆದುಹಾಕಿದಾಗ ಇಲಿಗಳ ಉಸಿರು ನಿಧಾನವಾಯಿತು; ಅವು ಹೊಸ ಜಾಗದಲ್ಲಿಯೂ ಓಡಾಡದೆ ಶಾಂತವಾಗಿ ಕುಳಿತವು. ಮನುಷ್ಯರ ಮೇಲಿನ ಒಂದು ಅಧ್ಯಯನ ಇಟಲಿಯಿಂದ 2001ರಲ್ಲಿ ಪ್ರಕಟವಾಯಿತು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಆರರ ಸಮೀಪಕ್ಕೆ ಇಳಿಯಿತು. ರಕ್ತದೊತ್ತಡವನ್ನು ಸಮತೂಕದಲ್ಲಿಡುವ ಹೃದಯದ ಪ್ರತಿಕ್ರಿಯೆ ಹೆಚ್ಚು ಚುರುಕಾಯಿತು. ಷಡಕ್ಷರಿಯನ್ನು ಒಂದು ನಿಡಿದಾದ ನಿಶ್ವಾಸದಲ್ಲಿ ಸಾವಕಾಶವಾಗಿ ಹೇಳುವವರ ಉಸಿರೂ ಹೀಗೆಯೇ ಇಳಿಯುತ್ತದೆಂದು ತಿಳಿಯಲು ಅಡ್ಡಿಯಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಓಂಕಾರವನ್ನು ಉಚ್ಚರಿಸುತ್ತಿರುವವರ ಮಿದುಳನ್ನು ಎಂಆರ್‌ಐ ಯಂತ್ರದಿಂದ ಪರೀಕ್ಷಿಸಿ, ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗುತ್ತದೆಂದು 2011ರಲ್ಲಿ ವರದಿ ಮಾಡಿದರು. ಅದು ಕೆಲವೇ ಮಂದಿಯ ಮೇಲೆ ನಡೆದ ಪ್ರಾರಂಭಿಕ ಅಧ್ಯಯನ. ಅದನ್ನು ಹಿಡಿದುಕೊಂಡು ಮಂತ್ರದಿಂದ ಸಕಲ ರೋಗವೂ ಹೋಗುತ್ತದೆಂದು ವೇದಿಕೆಯ ಮೇಲೆ ಸಾರುವುದು ಮಂತ್ರಕ್ಕೂ ವಿಜ್ಞಾನಕ್ಕೂ ಮರ್ಯಾದೆಯಲ್ಲ.

ಉಸಿರನ್ನೇ ನಿಲ್ಲಿಸಬಲ್ಲ ಯೋಗಿಗಳ ಕಥೆಗಳನ್ನು ನಾವು ಕೇಳಿದ್ದೇವೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಬಿ. ಕೆ. ಆನಂದ್ ಮತ್ತು ಸಂಗಡಿಗರು ರಾಮಾನಂದ ಯೋಗಿ ಎಂಬವರನ್ನು ಗಾಳಿಯಾಡದ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಕೂರಿಸಿ ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದ ವರದಿಯು ಈ ವಿಷಯದಲ್ಲಿ ತುಂಬ ಪ್ರಾಮಾಣಿಕವಾದದ್ದು. ಯೋಗಿಯ ಉಸಿರು ನಿಂತಿರಲಿಲ್ಲ. ದೇಹಕ್ಕೆ ಬೇಕಾದ ಆಮ್ಲಜನಕದ ಪ್ರಮಾಣವೇ ಸಾಮಾನ್ಯ ವಿಶ್ರಾಂತಿಯ ಮಟ್ಟಕ್ಕಿಂತ ಕೆಳಗಿಳಿದಿತ್ತು. ಅಂದರೆ ಅವರು ಎರಡನೆಯ ಒಡೆಯನೊಡನೆ ಜಗಳವಾಡಲಿಲ್ಲ, ಅವನ ಬೇಡಿಕೆಯನ್ನೇ ತಗ್ಗಿಸಿದರು. ಪುಸ್ತಕ ನೋಡಿಯೋ ದೂರದರ್ಶನ ನೋಡಿಯೋ ಬಲವಂತವಾಗಿ ಕುಂಭಕ ಮಾಡುವವರು, ರಭಸದಿಂದ ಭಸ್ತ್ರಿಕೆ ಊದುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಅಧಿಕ ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಇವನ್ನು ಬಿಡುವುದೇ ಲೇಸು.

ರಭಸದ ಉಸಿರು ಬೇರೊಂದು ವೇಷದಲ್ಲಿಯೂ ನಮ್ಮ ಮನೆಗಳಿಗೆ ಬರುತ್ತದೆ. ಹರೆಯದ ಹುಡುಗಿಯೊಬ್ಬಳು ಪರೀಕ್ಷೆಯ ಹಿಂದಿನ ದಿನವೋ ಮನೆಯಲ್ಲಿ ಜಗಳವಾದ ಸಂಜೆಯೋ ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತಾಳೆ. ತುಟಿ, ಬೆರಳ ತುದಿಗಳು ಜುಮುಗುಟ್ಟುತ್ತವೆ. ಕೈಬೆರಳುಗಳು ಸೆಟೆದು ಕೊಕ್ಕರೆಯ ಮೂತಿಯಂತಾಗುತ್ತವೆ. ಕಣ್ಣು ಕತ್ತಲೆ ಬರುತ್ತದೆ. ಗಾಳಿ ಸೋಕಿತೆಂದು ಬೇವಿನ ಸೊಪ್ಪು ಹುಡುಕುವವರು ಈಗಲೂ ಇದ್ದಾರೆ. ಅತಿಯಾದ ಉಸಿರಿನಿಂದ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಕಿರಿದಾದುದರ, ರಕ್ತದ ಕ್ಷಾರಗುಣ ಏರಿದುದರ ಫಲ ಅಷ್ಟೆ. ಹೊಡೆಯದೆ, ಹೊಗೆ ಹಾಕದೆ, ಪಕ್ಕದಲ್ಲಿ ಕುಳಿತು ಮೆಲ್ಲಗೆ ಮಾತನಾಡಿಸುತ್ತ ನಿಧಾನವಾಗಿ ಉಸಿರು ಬಿಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಮೊದಲ ಬಾರಿ ಆದಾಗ ವೈದ್ಯರಿಗೆ ತೋರಿಸಬೇಕು. ಆಸ್ತಮಾ, ಸಕ್ಕರೆಕಾಯಿಲೆಯ ಉಲ್ಬಣಗಳೂ ಏದುಸಿರಿನಿಂದಲೇ ಆರಂಭವಾಗುತ್ತವೆ. ಆ ಹುಡುಗಿಗೆ ಏನು ದುಃಖವಿತ್ತೆಂದು ವಿಚಾರಿಸುವ ಕೆಲಸ ಮನೆಯವರದು.

ರಾತ್ರಿಯ ಮಾತು ಬೇರೆ. ಇಚ್ಛೆಯ ಒಡೆಯನು ಮಲಗಿದ ಮೇಲೆ ಎಲ್ಲವೂ ಮೆಡುಲ್ಲಾದ ಪಾಲಿಗೆ ಬೀಳುತ್ತದೆ. ನಿದ್ರೆಯಲ್ಲಿ ಅದರ ಎಚ್ಚರವೂ ಸ್ವಲ್ಪ ತಗ್ಗುತ್ತದೆ, ಗಂಟಲಿನ ಸ್ನಾಯುಗಳು ಸಡಿಲುತ್ತವೆ. ಕತ್ತು ದಪ್ಪನಾದವರ ಗೊರಕೆ ನಡುವೆ ಒಮ್ಮೆಲೇ ನಿಂತು, ಹತ್ತಿಪ್ಪತ್ತು ಸೆಕೆಂಡು ಮೌನವಾಗಿ, ಮತ್ತೆ ಉಸಿರುಗಟ್ಟಿದವರಂತೆ ಗೊರಕ್ಕೆಂದು ಆರಂಭವಾದರೆ ಅದು ನಗುವ ವಿಷಯವಲ್ಲ. ಆ ಮೌನದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅಡ್ರಿನಲಿನ್ ಚೆಲ್ಲಿ ದೇಹವನ್ನು ಅರೆಎಚ್ಚರಗೊಳಿಸುತ್ತದೆ. ರಾತ್ರಿಗೆ ನೂರಾರು ಬಾರಿ ಹೀಗಾದವರ ರಕ್ತದೊತ್ತಡ ಮಾತ್ರೆಗೂ ಬಗ್ಗದು. ನಿದ್ರೆಮಾತ್ರೆಗಳು, ಮದ್ಯ, ಅಫೀಮಿನ ಜಾತಿಯ ನೋವುನಿವಾರಕಗಳು ಉಸಿರಿನ ಕೇಂದ್ರವನ್ನು ನೇರವಾಗಿ ಮಂಕುಗೊಳಿಸುತ್ತವೆ. ಪಕ್ಕದ ಮನೆಯವರಿಗೆ ಒಗ್ಗಿತೆಂದು ಅವರ ನಿದ್ರೆಮಾತ್ರೆಯನ್ನು ತಂದು ಮುದುಕರಿಗೆ ಕೊಡುವ ಪದ್ಧತಿ ಯಾವ ಮನೆಯಲ್ಲಿದ್ದರೂ ನಿಲ್ಲಬೇಕು.

ಕೊನೆಯದಾಗಿ, ಕೇಂದ್ರ ಸರಿಯಿದ್ದು ದಾರಿ ಕಡಿದುಹೋದ ಸಂದರ್ಭ. ಮಾಗಡಿ, ಕನಕಪುರದ ಕಡೆ ಹೊಲಗದ್ದೆಗಳಿರುವ ಯಾವ ಊರಿನವರಿಗೂ ಇದು ದೂರದ ಮಾತಲ್ಲ. ಕಟ್ಟುಹಾವು ಸಾಮಾನ್ಯವಾಗಿ ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಕಡಿಮೆ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ. ವಿಷವು ನರಕ್ಕೂ ಸ್ನಾಯುವಿಗೂ ನಡುವಿನ ಸಂಧಿಯನ್ನು ಕಟ್ಟಿಹಾಕುತ್ತಿರುತ್ತದೆ. ಮೆಡುಲ್ಲಾ ಆಜ್ಞೆ ಕೊಡುತ್ತಲೇ ಇದೆ, ಫ್ರೆನಿಕ್ ನರ ಒಯ್ಯುತ್ತಲೇ ಇದೆ, ವಪೆಗೆ ಕೇಳಿಸದು. ಹೆಚ್ಚು ದಾರುಣವಾದದ್ದೆಂದರೆ, ಮಿದುಳಿಗೆ ಏನೂ ಆಗಿರದೆ ರೋಗಿಗೆ ಸುತ್ತಲಿನ ಮಾತೆಲ್ಲ ಕೇಳುತ್ತಿರಬಹುದು. ರೆಪ್ಪೆ ಎತ್ತಲೂ ಶಕ್ತಿಯಿಲ್ಲದ್ದರಿಂದ ನೋಡಿದವರು ಸತ್ತನೆಂದೇ ತಿಳಿಯುತ್ತಾರೆ. ಯಂತ್ರದಿಂದ ಉಸಿರೂಡುತ್ತ ಕೆಲವು ದಿನ ಕಾದರೆ ಸಂಧಿಗಳು ಮತ್ತೆ ಚಿಗುರಿ ಮನುಷ್ಯನು ಎದ್ದು ನಡೆದುಹೋಗುತ್ತಾನೆ. 2019ರ ಜನವರಿಯಲ್ಲಿ ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಶ್ವಾಸಕೋಶದ ಸೋಂಕಿನಿಂದ ಬಳಲುತ್ತಿದ್ದಾಗ, ಬುದ್ಧಿಯವರು ತಾವಾಗಿ ಉಸಿರಾಡುತ್ತಿದ್ದಾರೆಯೇ, ಯಂತ್ರದಿಂದಲೇ ಎಂದು ನಾಡೇ ಕೇಳುತ್ತಿತ್ತು. ಜನವರಿ 21ರಂದು ಅವರು ಲಿಂಗೈಕ್ಯರಾಗುವವರೆಗೂ ವೆಂಟಿಲೇಟರ್ ಎಂಬ ಪದ ಮನೆಮನೆಯ ಬಾಯಲ್ಲಿತ್ತು. ನೂರಹನ್ನೊಂದರ ಹಣ್ಣಾದ ಜೀವಕ್ಕೆ ಆ ಯಂತ್ರ ಮಾಡಬಹುದಾದದ್ದು ಸ್ವಲ್ಪವೇ. ಹಾವು ಕಚ್ಚಿದ ಇಪ್ಪತ್ತರ ಯುವಕನಿಗೆ ಅದೇ ಯಂತ್ರ ಇಡೀ ಆಯುಷ್ಯವನ್ನು ಮರಳಿ ಕೊಡುತ್ತದೆ.

ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವಿನ ಕಡಿತದಿಂದ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು, ಮಂತ್ರ ಹಾಕಿಸಲು ಕರೆದೊಯ್ಯುವುದು ಇವೆಲ್ಲ ಹೊತ್ತನ್ನು ತಿನ್ನುತ್ತವೆ. ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಇರಿಸಿ, ರೋಗಿಯನ್ನು ನಡೆಸದೆ, 108ಕ್ಕೆ ಕರೆ ಮಾಡಿ, ವಿಷನಿರೋಧಕ ಔಷಧಿಯೂ ವೆಂಟಿಲೇಟರೂ ಇರುವ ಆಸ್ಪತ್ರೆಗೆ ಸಾಗಿಸಬೇಕು. ದಾರಿಯಲ್ಲಿ ಉಸಿರು ನಿಂತರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದಾರು ಸೆಕೆಂಡಿಗೊಮ್ಮೆ ಎದೆ ಏಳುವಷ್ಟು ಊದುತ್ತಿರಬೇಕು. ನಾಡಿಯೂ ಸಿಗದಿದ್ದರೆ ಎದೆಯ ನಡುವೆ ಒತ್ತಬೇಕು. ಆಸ್ಪತ್ರೆ ತಲುಪುವವರೆಗೆ ಸರದಿಯ ಮೇಲೆ ಊದಲು ವಾಹನದಲ್ಲಿ ಇಬ್ಬರಾದರೂ ಇರಲಿ.